ಗುರುತಿಲ್ಲದ ಒಬ್ಬ ಗಿರಾಕಿ

ಇದು ಆಗದ ಮಾತು ಎಂದು ಮೊದಲು ಹೇಳಿದವನು ನನ್ನ ಕಾಕಾ, ಅಪ್ಪನ ತಮ್ಮ. ಹೇಳಿದ್ದು ಹೈದರಾಬಾದಿನ ಉಪ್ಪಲ್‌ನ ನಮ್ಮ ಬಾಡಿಗೆ ಮನೆಯ ಹೊಸ್ತಿಲ ಮೇಲೆ ಕೂತು, ಒಂದು ಭಾನುವಾರ, ಚಹಾ ಕುಡಿಯುತ್ತ. ಅವನ ಉಗುರಿನ ಸಂದಿಯಲ್ಲಿ ಬಿಳಿ ಸಿಮೆಂಟ್ ಇತ್ತು. ಅದು ಭಾನುವಾರವೂ ಹೋಗುವುದಿಲ್ಲ, ಹಬ್ಬಕ್ಕೂ ಹೋಗುವುದಿಲ್ಲ.

“ಗುರುತಿಲ್ಲ, ಪರಿಚಯ ಇಲ್ಲ. ಫೋನ್‌ನಾಗ ನೋಡಿ ಕರದು ತಮ್ಮ ಮನಿ ಬಚ್ಚಲಾ ನಮ್ಮ ಕೈಯಾಗ ಕೊಡ್ತಾರ? ಏ ಡಿಗ್ರಿ, ಇದು ಆಗೂದಲ್ಲ ಹೋಗೂದಲ್ಲ. ಸುಮ್ನ ಬಿಡು.”

ಡಿಗ್ರಿ ಎಂದರೆ ನಾನು. ಬಿ.ಕಾಂ. ಪಾಸಾದ ದಿನದಿಂದ ಮನೆಯಲ್ಲಿ ನನ್ನ ಹೆಸರು ಹೋಯಿತು, ಇದು ಬಂತು. ‘ಡಿಗ್ರಿ, ನಳ ಬಂತು, ಕೊಡ ಹಿಡಿ.’ ‘ಡಿಗ್ರಿ, ಹಾಲು ಉಕ್ಕಾಕತ್ತೈತಿ.’ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಬೇಕಾದಷ್ಟು ಜನ ಇದ್ದಾರೆ. ಎಲ್ಲರೂ ಕಟ್ಟಡ ಕಟ್ಟುವಾಗ ಇಟ್ಟಿಗೆ ಹೊತ್ತು ಹತ್ತಿದವರು. ಪುಸ್ತಕ ಹೊತ್ತು ಹತ್ತಿದವಳು ನಾನೊಬ್ಬಳೇ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಬೇರೆಯವರು ಹೇಳಲಿ ಎಂದು ಕಾಯುತ್ತ ಕೂತರೆ ಕಾಲ ಕಳೆದುಹೋಗುತ್ತದೆ.

ಆದರೆ ಪಾಸಾದ ಮೇಲೆ ನೌಕರಿ ಬರಲಿಲ್ಲ. ಇಂಟರ್‌ವ್ಯೂಗಳಲ್ಲಿ “ಅನುಭವ ಏನಿದೆ?” ಎಂದು ಕೇಳುತ್ತಿದ್ದರು. ಅಪ್ಪ, ಅವ್ವ ಇಬ್ಬರೂ ಬೆಳಿಗ್ಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು, ನಾನು ಎದ್ದು ಗೋಡೆಯ ಮೇಲಿನ ಪದವಿ ಪತ್ರಕ್ಕೆ ಧೂಳು ಒರೆಸುತ್ತಿದ್ದೆ. ಕಡೆಗೆ ಅಮೀರ್‌ಪೇಟೆಯಲ್ಲಿ, ಕೋರ್ಸುಗಳ ಬೋರ್ಡಿನ ಮೇಲೆ ಬೋರ್ಡು ಅಂಟಿಸಿರುವ ಬೀದಿಯೊಂದರಲ್ಲಿ, ಡಿಜಿಟಲ್ ಮಾರ್ಕೆಟಿಂಗ್ ಕೋರ್ಸಿಗೆ ಸೇರಿದೆ. ಅಲ್ಲಿನ ಸರ್ಟಿಫಿಕೇಟ್ ಇದ್ದವರನ್ನು ಮಣಿಕೊಂಡದ ಒಂದು ಸಣ್ಣ ಆಫೀಸಿನವರು ನೇರವಾಗಿ ತೆಗೆದುಕೊಳ್ಳುತ್ತಾರೆ ಎಂದು ಸರ್ ಮೊದಲ ದಿನವೇ ಹೇಳಿದ್ದರು. ನನಗೆ ಆ ಮಾತೊಂದೇ ಕಿವಿಗೆ ಬಿದ್ದಿತ್ತು. ಅದರ ಹಿಂದೆಯೇ ಬಂದ ಷರತ್ತು ಆಮೇಲೆ ಬಿತ್ತು.

ಷರತ್ತು ಹೀಗಿತ್ತು. ಕೋರ್ಸ್ ಮುಗಿಯುವುದರೊಳಗೆ ಪ್ರತಿಯೊಬ್ಬರೂ ಒಂದು ನಿಜವಾದ ವ್ಯಾಪಾರಕ್ಕೆ ವೆಬ್‌ಸೈಟ್ ಮಾಡಬೇಕು. ನಮಗೂ ಆ ವ್ಯಾಪಾರದವರಿಗೂ ಗುರುತೇ ಇಲ್ಲದ ಒಬ್ಬ ಗಿರಾಕಿ ಸರ್ಚ್ ಮಾಡಿಯೇ ಆ ಸೈಟಿಗೆ ಬಂದು ಕೆಲಸ ಮಾಡಿಸಿಕೊಂಡಿರಬೇಕು. ಸರ್ ತಾವೇ ಅವರಿಗೆ ಫೋನ್ ಮಾಡಿ ಕೇಳುತ್ತಾರೆ. ಹೌದೆಂದರೆ ಸರ್ಟಿಫಿಕೇಟ್. ಇಲ್ಲದಿದ್ದರೆ ‘ಈ ವಿದ್ಯಾರ್ಥಿ ತರಗತಿಗೆ ಬರುತ್ತಿದ್ದರು’ ಎಂಬ ಒಂದು ಹಾಳೆ. ಅದನ್ನು ಹಿಡಿದು ಮಣಿಕೊಂಡಕ್ಕೆ ಹೋದರೆ ಲಿಫ್ಟಿನವನೂ ಬಾಗಿಲು ತೆಗೆಯುವುದಿಲ್ಲ.

ಒಬ್ಬ ಗಿರಾಕಿ. ಈ ಊರಿನಲ್ಲಿ ಜನಕ್ಕೇನು ಬರವೇ ಎಂದುಕೊಂಡೆ. ನಮ್ಮ ಕಾಕಾ ಬಚ್ಚಲು, ಟೆರೇಸು ಸೋರುವುದನ್ನು ನಿಲ್ಲಿಸುವ ಮೇಸ್ತ್ರಿ. ರಾಯಚೂರು ಕಡೆಯಿಂದ ಬಂದು ಇಷ್ಟು ವರ್ಷ ಮಾಡಿದ ಕೆಲಸವೆಲ್ಲ ಗುರುತಿನ ಮೇಲೆ ಬಂದದ್ದು. ಯಾರದೇ ಬಾಗಿಲಿಗೆ ಹೋದರೂ ಅವನು ಮೊದಲು ತನ್ನ ಹೆಸರು ಹೇಳುವುದಿಲ್ಲ, ಕಳಿಸಿದವರ ಹೆಸರು ಹೇಳುತ್ತಾನೆ. ‘ಇಂಥ ಸಾಹೇಬರು ಕಳಿಸಿದರು ಅಮ್ಮಾ.’ ಆ ಹೆಸರೇ ಅವನಿಗೆ ಪಾಸ್‌ಪೋರ್ಟ್. ಹೆಸರಿಲ್ಲದೆ ಇನ್ನೊಬ್ಬರ ಹೊಸ್ತಿಲು ದಾಟುವುದು ಕಳ್ಳರ ರೀತಿ ಎಂದು ಅವನ ನಂಬಿಕೆ. ಅದಕ್ಕೇ ಆ ಭಾನುವಾರ ಅಷ್ಟು ಖಡಾಖಂಡಿತವಾಗಿ ಹೇಳಿಬಿಟ್ಟ.

“ವೆಬ್‌ಸೈಟ್ ನಿನ್ನ ಹೆಸರಿಗೆ ಮಾಡ್ಲಿ ಕಾಕಾ?” ಎಂದೆ.

“ಮಾಡು. ನಾ ಏನ್ ಕೆಡಸ್ಕೊಂತೀನಿ? ನಿನ್ನ ಪರೀಕ್ಷಾಕ ನಾ ಗೊಂಬಿ ಆಗ್ತೀನಿ ಬಿಡು.”

ಸೈಟ್ ಮಾಡಿದೆ, ಫೋನ್ ನಂಬರು ನನ್ನದೇ ಹಾಕಿದೆ. ಫೋಟೋಕ್ಕೆ ಕಾಕಾನಿಗೆ ಅಪ್ಪ ಮದುವೆ-ಮುಂಜಿಗೆ ಹಾಕುವ ಅಂಗಿ ತೊಡಿಸಿ, ಪಕ್ಕದ ಬಿಲ್ಡಿಂಗಿನ ಗಾಜಿನ ಬಾಗಿಲ ಮುಂದೆ ಕೈಕಟ್ಟಿ ನಿಲ್ಲಿಸಿದೆ. ಅವ್ವ ನೋಡಿ, “ಕನ್ಯಾ ಹುಡಕಾಕತ್ತಿಯೇನ ಇವಗ?” ಎಂದಳು. ಕಾಕಾನ ಮಕ್ಕಳೇ ಆಗ ಹೈಸ್ಕೂಲಿನಲ್ಲಿದ್ದರು.

ಆಮೇಲೆ ಬಂತು ಕೀವರ್ಡಿನ ಪ್ರಶ್ನೆ. ಜನ ಏನೆಂದು ಟೈಪ್ ಮಾಡಿ ಹುಡುಕಿದರೆ ನಮ್ಮ ಸೈಟ್ ಕಾಣಬೇಕೋ ಆ ಮಾತು. ಸರ್ ತರಗತಿಯಲ್ಲಿ ಹೇಳುತ್ತಲೇ ಇದ್ದರು: “ಅದು ನಿಮ್ಮ ಬಾಯಿಯ ಮಾತಲ್ಲಮ್ಮಾ, ಕಷ್ಟದಲ್ಲಿರುವ ಗಿರಾಕಿಯ ಬಾಯಿಯ ಮಾತು.” ಈ ವಾಕ್ಯವನ್ನು ನಾನು ಬೇರೆ ಬೇರೆ ಬಣ್ಣದ ಪೆನ್ನುಗಳಲ್ಲಿ ಬರೆದುಕೊಂಡೆ. ಅಷ್ಟು ಚಂದವಾಗಿ ಬರೆದುಕೊಂಡ ಮೇಲೆ ಅರ್ಥ ಮಾಡಿಕೊಳ್ಳಬೇಕೆಂದು ಅನ್ನಿಸಲೇ ಇಲ್ಲ.

ನನ್ನ ತೊಂದರೆ ಇಂಗ್ಲಿಷಿನದು. ನಾಲ್ಕನೆಯ ತರಗತಿಯವರೆಗೆ ಊರಲ್ಲಿ ಅಜ್ಜಿಯ ಬಳಿ ಕನ್ನಡ, ಆಮೇಲೆ ಇಲ್ಲಿ ತೆಲುಗು, ಓಣಿಯಲ್ಲಿ ಹಿಂದಿ. ಇಂಗ್ಲಿಷ್ ಸಿಕ್ಕಿದ್ದು ಕಾಲೇಜಿನಲ್ಲಿ, ಅದೂ ಎರಡು ಸಲ ಫೇಲಾಗಿ. ಅಷ್ಟು ಬೆವರು ಸುರಿಸಿ ಕಲಿತದ್ದನ್ನು ‘ಲೀಕೇಜ್’ ಎಂಬ ಬಡ ಮಾತಿಗೆ ಖರ್ಚು ಮಾಡುವುದೇ? ಕಾಕಾ ದಿನಾ ಆಡುವ ಮಾತು ಅದು. ಅದಕ್ಕೆ ಡಿಗ್ರಿ ಯಾಕೆ ಬೇಕು? ದೊಡ್ಡ ದೊಡ್ಡ ಕಂಪನಿಗಳ ಸೈಟ್‌ಗಳನ್ನು ಜಾಲಾಡಿ, ಒಂದೊಂದರಿಂದ ಒಂದೊಂದು ಪದ ಆರಿಸಿ ನನ್ನದೇ ಒಂದು ಸರ ಪೋಣಿಸಿದೆ. ಕಾಕಾ ಹೆಗಲ ಮೇಲಿಂದ ಬಗ್ಗಿ ನೋಡಿದ.

“ಏನ್ ಬರದೀ ಇದು?”

“ಇಂಟಿಗ್ರೇಟೆಡ್ ಮಾಯಿಶ್ಚರ್ ಪ್ರೊಟೆಕ್ಷನ್ ಸೊಲ್ಯೂಷನ್ಸ್.”

“ಯಾರ್ ಮಾಡ್ತಾರ ಅದನ್ನ?”

“ನೀನ ಮಾಡ್ತೀ ಕಾಕಾ.”

“ನಾನ? ಯಾವಾಗ?”

ಸೈಟಿನ ಮೇಲೆ, ಒಳಗೆ, ಕೆಳಗೆ, ಎಲ್ಲ ಕಡೆ ಆ ನಾಲ್ಕು ಪದಗಳನ್ನು ತುಂಬಿದೆ. ಪ್ರತಿ ವಿದ್ಯಾರ್ಥಿಗೂ ಜಾಹೀರಾತಿಗೆಂದು ಇನ್‌ಸ್ಟಿಟ್ಯೂಟಿನವರೇ ದಿನಕ್ಕಿಷ್ಟು ಎಂದು ಸ್ವಲ್ಪ ಹಣ ಹಾಕಿಕೊಡುತ್ತಿದ್ದರು. ಯಾರಾದರೂ ಆ ಮಾತು ಹುಡುಕಿದರೆ ನಮ್ಮ ಜಾಹೀರಾತು ಮೊದಲು ಕಾಣುತ್ತದೆ. ಅವರು ಒಂದು ಸಲ ಒತ್ತಿದರೆ ಆ ಹಣದಲ್ಲಿ ಒಂದು ಪಾಲು ಕರಗುತ್ತದೆ. ದಿನದ ಪಾಲು ಮುಗಿದರೆ ಜಾಹೀರಾತು ಮಾಯ, ಮತ್ತೆ ಮರುದಿನವೇ. ಆ ಜಾಹೀರಾತನ್ನೂ ಆ ನಾಲ್ಕು ಪದಗಳಿಗೇ ಕಟ್ಟಿದೆ. ಕಟ್ಟಿದ ಸಂಭ್ರಮದಲ್ಲಿ ನಮ್ಮ ಬಳಗದ ಫೋನ್ ಗ್ರೂಪಿಗೆ ಹಾಕಿದೆ: ‘ಈ ಮಾತು ಸರ್ಚ್ ಮಾಡಿ ನೋಡ್ರಿ, ಎಲ್ಲಕ್ಕಿಂತ ಮ್ಯಾಲೆ ನಮ್ಮ ಕಾಕಾ ಬರ್ತಾನ. ನನ್ನ ಸರ್ಟಿಫಿಕೇಟ್ ಇದರ ಮ್ಯಾಲೆ ಐತಿ.’

ಮರುದಿನದಿಂದ, ಒಟ್ಟು ಎಷ್ಟು ಸಲ ಒತ್ತಿದರೆಂದು ತೋರಿಸುವ ಗ್ರಾಫ್ ಏಣಿಯ ಹಾಗೆ ಮೇಲಕ್ಕೆ ಎದ್ದಿತು. ದಿನಾ ಬೆಳಿಗ್ಗೆ ಜನ ಮುಗಿಬಿದ್ದು ಒತ್ತುತ್ತಿದ್ದರು. ನಮ್ಮ ಬ್ಯಾಚಿನಲ್ಲಿ ಬೇಕರಿಯ ಸೈಟ್, ಬ್ಯೂಟಿ ಪಾರ್ಲರಿನ ಸೈಟ್ ಮಾಡಿದವರೂ ಇದ್ದರು, ಅವರಿಗೆ ಇದರ ಅರ್ಧವೂ ಇರಲಿಲ್ಲ. ಸರ್ ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ ನಿನ್ನ ವಿಧಾನ ಹೇಳು ಎಂದರು. ಹೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಹೇಳಿದೆ.

“ನಗರದ ಓದಿದ ಗಿರಾಕಿಗಳು ಆಡುಮಾತು ಬಳಸುವುದಿಲ್ಲ. ಅವರು ತಾಂತ್ರಿಕ ಪದಗಳನ್ನೇ ಹುಡುಕುತ್ತಾರೆ. ನಾವು ಅವರ ಮಟ್ಟಕ್ಕೆ ಏರಬೇಕು.”

ಮುಂದಿನ ಬೆಂಚಿನವಳು ‘ಮಟ್ಟಕ್ಕೆ ಏರಬೇಕು’ ಎಂದು ಬರೆದುಕೊಂಡಳು. ಸರ್ ಕನ್ನಡಕದ ಮೇಲಿಂದ ನೋಡಿದರು.

“ಫೋನ್ ಎಷ್ಟು ಬಂತಮ್ಮಾ?”

“ಇನ್ನೂ ಜಾಗೃತಿಯ ಹಂತ ಸರ್.”

“ಒತ್ತುವವರೆಲ್ಲ ಬೆಳಿಗ್ಗೆಯೇ ಒತ್ತಿದ್ದಾರಲ್ಲ? ಆಮೇಲೆ ದಿನವಿಡೀ ಖಾಲಿ. ಹೈದರಾಬಾದಿನ ಜನ ಎದ್ದ ಕೂಡಲೇ ಮಾಯಿಶ್ಚರ್ ಬಗ್ಗೆ ಯೋಚಿಸುತ್ತಾರಾ?”

“ಬೆಳಿಗ್ಗೆ ಬಚ್ಚಲಿಗೆ ಹೋದಾಗಲೇ ಅಲ್ಲವಾ ಸರ್ ಸೋರುವುದು ಕಾಣುವುದು?” ಎಂದೆ. ಓದಿದವರಿಗೆ ಎಲ್ಲದಕ್ಕೂ ಬರ ಇರಬಹುದು, ಉತ್ತರಕ್ಕೆ ಬರ ಇಲ್ಲ.

ಮನೆಯಲ್ಲಿ ಕಾಕಾ ಕೇಳುತ್ತಿದ್ದ, “ಫೋನ್ ಬಡಿಯೂದ ಇಲ್ಲಲ್ಲ ಡಿಗ್ರಿ?” ಅವನಿಗೆ ಗ್ರಾಫ್ ತೋರಿಸುತ್ತಿದ್ದೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಮೆಟ್ಟಲಾ ಚಲೋ ಅದಾವು. ಮ್ಯಾಲ ಮನಿನ ಇಲ್ಲ,” ಎಂದು ಕೊಡುತ್ತಿದ್ದ.

ಹೀಗಿರುವಾಗ ಕೂಕಟ್‌ಪಲ್ಲಿಯಿಂದ ಅತ್ತಿ ಬಂದಳು. ಅಪ್ಪನ ಅಕ್ಕ. ಅಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟ್ ಒಂದರಲ್ಲಿ ಅವಳೂ ನಮ್ಮ ಕಡೆಯ ಒಂದು ಹಿಂಡು ಹೆಂಗಸರೂ ಕೆಲಸ ಮಾಡುತ್ತಾರೆ. ರಜೆಯ ದಿನ, ಅವ್ವನ ಕೈಯ ಪುಂಡಿಪಲ್ಯ ರೊಟ್ಟಿ ಉಂಡು, ಎಲೆ ಅಡಿಕೆ ಹಾಕಿಕೊಂಡು, ನನ್ನ ಕಡೆ ತಿರುಗಿದಳು.

“ಹೆಂಗೈತಿ ಬೇ ನಿನ್ನ ಪರೀಕ್ಷಾ? ನಮ್ಮ ಮಂದಿ ಏನೂ ಕಡಿಮಿ ಮಾಡಿಲ್ಲ ನೋಡು. ದಿನಾ ಮುಂಜಾನಿ ತಪ್ಪದಂಗ ಒತ್ತಾಕತ್ತೀವಿ.”

ನನ್ನ ಕೈಯಲ್ಲಿದ್ದ ತಾಟು ಅಲ್ಲೇ ನಿಂತಿತು. “ಏನ್ ಒತ್ತಾಕತ್ತೀರಿ ಅತ್ತಿ?”

“ಅದ ಯವ್ವಾ, ನಿನ್ನ ಕಾಕಾ ಮದುಮಗನಂಗ ನಿಂತಾನಲ್ಲ, ಅದು. ನೀ ಕಳಸಿದ್ದ ಅಕ್ಷರ ಒತ್ತಿ ಹಿಡದ್ರ ನೀಲಿ ಆಗ್ತಾವು. ಎತ್ತಿ ಅಲ್ಲಿ ಹಾಕೂದು, ಎಲ್ಲಾಕಿಂತ ಮ್ಯಾಲಿಂದು ಒತ್ತೂದು. ನಮ್ಮಲ್ಲೆ ಎಲ್ಲಾರೂ ಒತ್ತಿದ ಮ್ಯಾಲ ಬುಟ್ಟಿ ಎತ್ತೂದು. ಒಬ್ಬಾಕಿ ಮರತಿದ್ಲು, ನಾ ಬಿಡ್ತೀನೇನ? ‘ಏ, ಹುಡುಗೀದ ಮುಯ್ಯಿ ಐತಿ, ಮೊದಲ ಒತ್ತು’ ಅಂದೆ. ಮಣಿಕೊಂಡದಾಗ ನಮ್ಮವ್ರ ಅದಾರಲ್ಲ, ಅವ್ರಿಗೂ ಹೇಳೀನಿ.”

ಮೂಲೆಯಿಂದ ಅವ್ವ ಹೇಳಿದಳು, “ನಾನೂ ಒತ್ತೀನಿ. ಕೈ ತೊಳಕೊಂಡ ಒತ್ತೀನಿ.”

ಮುಯ್ಯಿ ನಮ್ಮಲ್ಲಿ ದೊಡ್ಡ ಮಾತು. ಊರಲ್ಲಿ ಇವತ್ತು ನಿಮ್ಮ ಹೊಲಕ್ಕೆ ನನ್ನ ಕೈ, ನಾಳೆ ನನ್ನ ಹೊಲಕ್ಕೆ ನಿಮ್ಮ ಕೈ. ಕೂಲಿ ಇಲ್ಲ, ಋಣ ಉಂಟು. ಹೊಲ ಬಿಟ್ಟು ಇಲ್ಲಿಗೆ ಬಂದ ಮೇಲೂ ಅದು ನಮ್ಮೊಂದಿಗೆ ಬಂದಿದೆ. ಯಾರದಾದರೂ ತಗಡಿನ ಮನೆ ಎದ್ದರೆ, ಬಾಣಂತನವಾದರೆ, ಎಲ್ಲರೂ ಒಂದೊಂದು ಹೊತ್ತು ಕೈ ಹಚ್ಚುತ್ತಾರೆ. ನನ್ನ ಸರ್ಟಿಫಿಕೇಟನ್ನು ಅವರು ಹಾಗೆಯೇ ಕೈಗೆತ್ತಿಕೊಂಡಿದ್ದರು. ಮಣಿಕೊಂಡದಿಂದ ಉಪ್ಪಲ್‌ವರೆಗೆ, ಕಟ್ಟುತ್ತಿರುವ ಪ್ರತಿ ಕಟ್ಟಡದ ಬುಡದಲ್ಲಿ ನಿಂತು ನನ್ನ ಬಳಗ ‘ಇಂಟಿಗ್ರೇಟೆಡ್ ಮಾಯಿಶ್ಚರ್ ಪ್ರೊಟೆಕ್ಷನ್ ಸೊಲ್ಯೂಷನ್ಸ್’ ಎಂದು ಹುಡುಕುತ್ತಿತ್ತು. ಅವರ ಒಂದೊಂದು ಬೆರಳಿಗೂ ಜಾಹೀರಾತಿನ ಒಂದೊಂದು ಪಾಲು ಕರಗಿ, ಊರಿನ ಜನ ಹಲ್ಲುಜ್ಜುವ ಹೊತ್ತಿಗೆ ಆ ದಿನದ್ದು ಖಾಲಿಯಾಗುತ್ತಿತ್ತು. ಬೀಗರು ಬರುವ ಮೊದಲೇ ಮನೆಯವರೆಲ್ಲ ಪಂಕ್ತಿಯಲ್ಲಿ ಕೂತು ಮದುವೆ ಊಟ ಮುಗಿಸಿದ ಹಾಗೆ. ಅದನ್ನು ನೋಡಿ ಊಟ ಭರ್ಜರಿ ಖರ್ಚಾಯಿತು ಎಂದು ಭಾಷಣ ಮಾಡಿದವಳು ನಾನು.

“ಅತ್ತಿ, ಇನ್ನ ಮ್ಯಾಲ ಯಾರೂ ಒತ್ತಬ್ಯಾಡ್ರಿ,” ಎಂದೆ. ಕಾರಣ ಬಿಡಿಸಿ ಹೇಳಿದೆ. ಅವಳ ಮುಖ ಸಣ್ಣದಾಯಿತು.

“ಹಂಗಾರ ನಾವೇನ್ ಮಾಡ್ಲಿ?”

“ಏನೂ ಮಾಡಬ್ಯಾಡ್ರಿ. ಅದ ನನಗ ದೊಡ್ಡ ಉಪಕಾರ.”

“ಏನೂ ಮಾಡದ ಕುಂದ್ರೂದು ಮುಯ್ಯಿ ಆಗ್ತೈತೇನ?” ಎಲೆ ಅಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದಳು. “ವಾರಕ್ಕೊಮ್ಮೆ?”

“ಬ್ಯಾಡ ಅತ್ತಿ.”

“ಅಮಾಸಿಗೊಮ್ಮೆ?”

ಕಾಕಾ ಹೊಸ್ತಿಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಒತ್ತುವುದು ನಿಂತಿತು. ಈಗ ಜಾಹೀರಾತು ಬೆಳಿಗ್ಗೆಯಿಂದ ರಾತ್ರಿಯವರೆಗೆ ಹಾಗೇ ಉಳಿಯುತ್ತಿತ್ತು, ಗಿರಾಕಿಗಳಿಗಾಗಿ ಬಾಗಿಲು ತೆರೆದುಕೊಂಡು. ಒಬ್ಬರೂ ಬರಲಿಲ್ಲ. ನನ್ನ ಆ ಘನವಾದ ನಾಲ್ಕು ಪದಗಳನ್ನು ಈ ಮಹಾನಗರದಲ್ಲಿ ಇಷ್ಟು ದಿನ ಹುಡುಕಿದವರು ಇಂಗ್ಲಿಷ್ ಓದಲು ಬಾರದ ನನ್ನ ಬಳಗದವರು ಮಾತ್ರ.

ಸರ್‌ಗೆ ನಡೆದದ್ದನ್ನು ಹೇಳಿದೆ. ಅವರು ನಕ್ಕು ಕನ್ನಡಕ ತೆಗೆದರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಕೊನೆಗೆ, “ಬ್ಯಾಚ್ ಈ ತಿಂಗಳು ಮುಗಿಯುತ್ತದಮ್ಮಾ. ಷರತ್ತು ಮಾತ್ರ ಅದೇ,” ಎಂದರು. ಮುಂದಿನ ಬೆಂಚಿನವಳು ತಾನು ಬರೆದುಕೊಂಡಿದ್ದ ಸಾಲಿನ ಮೇಲೆ ಅಡ್ಡಗೆರೆ ಎಳೆದಳು. ನನ್ನ ಕಣ್ಣೆದುರಿಗೇ.

ಎರಡು ದಿನ ಮನೆಯಲ್ಲೇ ಇದ್ದೆ. ಮೂರನೆಯ ದಿನ ಕಾಕಾನೊಂದಿಗೆ ಕೆಲಸ ನೋಡಲು ಹೊರಟೆ. ಕಲಿಯಲು ಎಂದು ಹೇಳಿದರೆ ಸುಳ್ಳಾಗುತ್ತದೆ. ಮನೆಯಲ್ಲಿ ಕೂತರೆ ಆ ಗ್ರಾಫ್ ನೋಡಬೇಕಾಗುತ್ತಿತ್ತು, ಅದಕ್ಕೆ.

ಕೂಕಟ್‌ಪಲ್ಲಿಯ ಹಳೆಯ ಅಪಾರ್ಟ್‌ಮೆಂಟ್. ಮೇಲಿನ ಮನೆಯ ಬಚ್ಚಲಿನಿಂದ ಕೆಳಗಿನ ಮನೆಯ ದೇವರ ಕೋಣೆಗೆ ನೀರು. ನಾವು ಹೋಗುವಾಗ ಮೆಟ್ಟಿಲ ಮೇಲೆ ಎರಡೂ ಮನೆಯ ಹೆಂಗಸರು ನಿಂತಿದ್ದರು, ಒಬ್ಬರು ಮೇಲಿನ ಮೆಟ್ಟಿಲಲ್ಲಿ, ಒಬ್ಬರು ಕೆಳಗೆ. ಕೆಳಗಿನವರು ತೆಲುಗಿನಲ್ಲಿ ಹೇಳುತ್ತಿದ್ದರು, ನಿಮ್ಮ ಸ್ನಾನದ ನೀರು ನಮ್ಮ ದೇವರ ತಲೆಯ ಮೇಲೆ ಬೀಳುತ್ತಿದೆ ಎಂದು. ಮೇಲಿನವರು, ನಿಮ್ಮ ದೇವರನ್ನು ಸ್ವಲ್ಪ ಈಚೆಗೆ ಸರಿಸಿ ಎಂದರು. ಕಾಕಾ ಕೆಮ್ಮಿ, ಕಳಿಸಿದವರ ಹೆಸರು ಹೇಳಿದ. ಮೇಲಿನ ಮನೆಯವರು ತಟ್ಟನೆ ಇವನ ಕಡೆ ತಿರುಗಿ ಕೇಳಿದ ಮೊದಲ ಮಾತು: “ಟೈಲ್ಸ್ ಪಗಲಗೊಡತಾರಾ?” ಟೈಲ್ಸ್ ಒಡೆಯುತ್ತೀರಾ? ಅವರ ಮುಖದಲ್ಲಿ ಸಿಟ್ಟು ಹೋಗಿ ಬರೀ ಭಯ ಇತ್ತು. ಹೊಸ ಟೈಲ್ಸ್ ಹಾಕಿಸಿ ಇನ್ನೂ ವರ್ಷವಾಗಿರಲಿಲ್ಲವಂತೆ.

ವಾಪಸ್ ಬರುವಾಗ ಮೆಟ್ರೋದಲ್ಲಿ ಕಾಕಾನನ್ನು ಕೇಳಿದೆ, “ಹೊಸ ಗಿರಾಕಿ ಫೋನ್ ಹಚ್ಚಿದ್ರ ಮೊದಲ ಏನ್ ಅಂತಾರ?”

“ಮೊದಲ ಬೈತಾರ.”

“ನಿನಗ?”

“ನನಗ್ಯಾಕ ಬೈತಾರ? ಮ್ಯಾಲಿನ ಮನಿಯವ್ರಿಗೆ. ಆಮ್ಯಾಲ ಟೈಲ್ಸ್ ಒಡೀಬ್ಯಾಡ್ರಿ ಅಂತಾರ. ಆಮ್ಯಾಲ ಇವತ್ತ ಬರ್ರಿ ಅಂತಾರ.”

“ಮಾಯಿಶ್ಚರ್ ಅಂತ ಯಾರೂ ಅಂದಿಲ್ಲ?”

“ಅದನ್ನ ನಮ್ಮ ಅಕ್ಕ ಒಬ್ಬಾಕಿ ಅಂದಾಳ ನೋಡು,” ಎಂದ. ಎದುರು ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕ. ನಾನೂ ನಕ್ಕೆ. ಬೇರೆ ಏನು ಮಾಡಲು ಸಾಧ್ಯವಿತ್ತು?

ನಗು ಇಳಿದ ಮೇಲೆ, ಸರ್ ಅಷ್ಟು ದಿನ ಹೇಳಿದ್ದ ಮಾತು ತಡವಾಗಿ ತಲೆಗೆ ಇಳಿಯಿತು. ತಲೆಯ ಮೇಲೆ ನೀರು ತೊಟ್ಟಿಕ್ಕುತ್ತಿರುವವರು ಪದಕೋಶ ತೆಗೆಯುವುದಿಲ್ಲ. ಜಗಳದ ಮಧ್ಯೆ, ಒಂದು ಕೈಯಲ್ಲಿ ಬಕೆಟ್, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ತಮ್ಮ ಭಯವನ್ನೇ ಟೈಪ್ ಮಾಡುತ್ತಾರೆ.

ಆ ಸಂಜೆಯೇ ನಾಲ್ಕು ಪದಗಳನ್ನೂ ಕಿತ್ತೆ. ಒಂದೊಂದನ್ನೂ ಕೊನೆಯ ಸಲ ಗಟ್ಟಿಯಾಗಿ ಓದಿ ಅಳಿಸಿದೆ. ನನ್ನ ಸ್ವಂತ ಸಂಪಾದನೆ ಅಲ್ಲವೇ? ಅವುಗಳ ಜಾಗದಲ್ಲಿ ಬರೆದೆ: ಮೇಲಿನ ಮನೆಯ ಬಾತ್‌ರೂಮಿನಿಂದ ನೀರು ಸೋರುತ್ತಿದೆಯೇ, ಟೈಲ್ಸ್ ಒಡೆಯದೆ ಲೀಕೇಜ್ ರಿಪೇರಿ. ಸಾದಾ ಇಂಗ್ಲಿಷಿನಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ. ಜೊತೆಗೆ ಕಾಕಾ ದಿನವೂ ಓಡಾಡುವ ಜಾಗಗಳು: ಉಪ್ಪಲ್, ಕೂಕಟ್‌ಪಲ್ಲಿ, ಮಣಿಕೊಂಡ. ಓದಿ ಹೇಳಿದೆ. ಕಾಕಾ ತಲೆ ಅಲ್ಲಾಡಿಸಿದ.

“ಒಡೆಯದೆ ಅಂತ ಬರೀಬ್ಯಾಡ.”

“ಅದನ್ನ ಅಲ್ಲ ಕಾಕಾ ಎಲ್ಲಾರೂ ಕೇಳೂದು?”

“ಕೇಳ್ತಾರ. ಟೈಲ್ಸಿನ ಸಂದಿನಾಗಿಂದ ಸೋರಿದ್ರ ಒಡೀದ ನಿಲ್ಲಸ್ತೀನಿ. ಒಳಗ ಪೈಪ್ ಒಡದಿದ್ರ? ಅಂಥಲ್ಲೆ ಹೋಗಿ ಸುತ್ತಿಗಿ ತಗದ್ರ ನನ್ನ ಕಳ್ಳ ಅಂತಾರ. ನಿನ್ನ ಸರ್ಟಿಫಿಕೇಟಿಗೆ ನನ್ನ ಬಾಯಿ ಸುಳ್ಳ ಮಾಡಬ್ಯಾಡ.”

ವಾದ ಮಾಡಿದೆ. ಬ್ಯಾಚ್ ಮುಗಿಯುತ್ತ ಬಂದಿದೆ ಎಂದೆ. ನನ್ನ ನೌಕರಿ ಎಂದೆ. ಅವನು ಬಗ್ಗಲಿಲ್ಲ. ಕೊನೆಗೆ ಅದರ ಕೆಳಗೇ ಅಷ್ಟೇ ದೊಡ್ಡ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದೆ: ಮೊದಲು ಬಂದು ನೋಡುತ್ತೇವೆ, ಸಂದಿಯ ಸೋರಿಕೆಯಾದರೆ ಒಡೆಯುವುದಿಲ್ಲ, ಪೈಪಿನದಾದರೆ ನಿಮ್ಮನ್ನು ಕೇಳದೆ ಒಂದು ಟೈಲ್ಸನ್ನೂ ಮುಟ್ಟುವುದಿಲ್ಲ. ಇಷ್ಟುದ್ದ ಬರೆದರೆ ಯಾರು ಓದುತ್ತಾರೆ ಎಂದು ಗೊಣಗುತ್ತಲೇ ಬರೆದೆ.

ಫೋನ್ ಬಂದಾಗ ನಾನು ನಳದ ಹತ್ತಿರ ಇದ್ದೆ. ಗುರುತಿಲ್ಲದ ನಂಬರ್. ಈ ಗಳಿಗೆಗೆಂದೇ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಇಂಗ್ಲಿಷ್ ಸ್ವಾಗತವನ್ನು ಶುರುಮಾಡಿದೆ. ಅರ್ಧಕ್ಕೂ ಬಂದಿರಲಿಲ್ಲ, ಆ ಕಡೆಯ ಗಂಡು ದನಿ ನಡುವೆಯೇ ಬಾಯಿ ಹಾಕಿತು.

“ಲೀಕೇಜ್ ಕಾ ಕಾಮ್ ಕರ್ತೇ ನಾ ಜೀ? ಟೈಲ್ಸ್ ತೋಡ್ನಾ ನಕ್ಕೋ. ಮಣಿಕೊಂಡ ಆನಾ.” ಲೀಕೇಜ್ ಕೆಲಸ ಮಾಡುತ್ತೀರಲ್ಲ, ಟೈಲ್ಸ್ ಒಡೆಯಬಾರದು, ಮಣಿಕೊಂಡಕ್ಕೆ ಬರಬೇಕು.

“ಹೌ ಜೀ,” ಹೌದು ರೀ, ಎಂದೆ. ಅಷ್ಟೇ. ಮೂರು ವರ್ಷದ ಡಿಗ್ರಿ ಆ ಎರಡು ಮಾತಿನಲ್ಲಿ ಮುಗಿಯಿತು.

ಮರುದಿನ ಕಾಕಾ ಹೋದ. ಅವನು ಅಲ್ಲಿ ತಲುಪುವ ಹೊತ್ತಿಗೆ ನನಗೆ ಫೋನ್ ಬಂತು, ಪಿಸುಮಾತಿನಲ್ಲಿ.

“ಬಾಗಲ ಮುಂದ ನಿಂತೀನಿ.”

“ಬೆಲ್ ಒತ್ತು ಕಾಕಾ.”

“ಒತ್ತಿದ್ಮ್ಯಾಲ ಬಾಗಲಾ ತಗೀತಾರ. ಯಾರ್ ಕಳಸ್ಯಾರ ಅಂತ ಹೇಳ್ಲಿ?”

“ಇಂಟರ್‌ನೆಟ್ ಅಂತ ಹೇಳು,” ಎಂದೆ.

“ಅದೇನ್ ಮನಷ್ಯಾನ? ನಾಳೆ ಕೆಲಸ ಕೆಟ್ರ ಅವ್ರು ಹೋಗಿ ಯಾರನ್ನ ಕೇಳಬೇಕು?”

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಅವನು ಹಿಂದಕ್ಕೆ ಹೊರಟುಬಿಡುತ್ತಾನೆ ಎಂದೇ ಅನ್ನಿಸಿತು. ಅಂಥ ಬಾಗಿಲ ಮುಂದೆ ಅವನು ಜೀವಮಾನದಲ್ಲಿ ನಿಂತವನಲ್ಲ. ಆಮೇಲೆ ಬೆಲ್ಲಿನ ಸದ್ದು ಕೇಳಿತು, ಚಿಲಕ ಸರಿದದ್ದು ಕೇಳಿತು, ಯಾರು ಎಂಬ ದನಿ ಕೇಳಿತು. ಕಾಕಾನ ಹಿಂದಿ ಬಂತು, ಗಟ್ಟಿಯಾಗಿ, ಎಂದಿನ ಹಾಗೆ ಮೊದಲು ಕಳಿಸಿದವರ ಹೆಸರು ಹೇಳುವ ರಾಗದಲ್ಲೇ:

“ಹಮಾರಿ ಬಚ್ಚಿ ಭೇಜೀ ಸಾಬ್.”

ನಮ್ಮ ಮಗಳು ಕಳಿಸಿದಳು. ಫೋನ್ ಕಟ್ಟಾಯಿತು. ನಾನು ಅಲ್ಲೇ ನಿಂತೆ. ಪಕ್ಕದ ಮನೆಯಾಕೆ ಬಂದು ಏನಾಯಿತು ತಂಗಿ ಎಂದು ಕೇಳುವವರೆಗೆ ನಿಂತೇ ಇದ್ದೆ.

ಪುಣ್ಯಕ್ಕೆ ಅದು ಸಂದಿಯ ಸೋರಿಕೆ. ಒಂದು ಟೈಲ್ಸನ್ನೂ ಒಡೆಯಬೇಕಾಗಲಿಲ್ಲ. ಕೆಲಸ ಮುಗಿಸಿ, ಬಚ್ಚಲಲ್ಲಿ ನೀರು ತುಂಬಿಸಿ ಸೋರುವುದಿಲ್ಲವೆಂದು ನೋಡಿ ಬಂದ ದಿನ ಕಾಕಾ ಸೋತವನಂತೆ ಕೂತ.

“ಗುರುತ ಸಿಗಲಿಲ್ಲ. ಭಾಳ ಕೇಳ್ದೆ. ಅವ್ರ ಊರು ಕೇಳ್ದೆ, ಹೆಣ್ಣ ಕೊಟ್ಟವ್ರ ಊರು ಕೇಳ್ದೆ, ಮೊದಲ ಯಾವ ಓಣ್ಯಾಗ ಇದ್ರಿ ಅಂತ ಕೇಳ್ದೆ. ಎಲ್ಲೂ ಕೂಡಲಿಲ್ಲ. ಖರೇನ ಗುರುತಿಲ್ಲದವ್ರು.”

ಸರ್ ತರಗತಿಯ ಎಲ್ಲರ ಎದುರಿಗೆ, ಫೋನಿನ ಸ್ಪೀಕರ್ ಹಾಕಿ, ಆ ಮಣಿಕೊಂಡದವರೊಂದಿಗೆ ಮಾತಾಡಿದರು. ಅವರು ನಿಧಾನವಾಗಿ ಹೇಳಿದರು: ಹೌದು, ಕೆಳಗಿನ ಮನೆಯವರು ಬಂದು ಕೂಗಾಡಿದರು, ಟೈಲ್ಸ್ ಒಡೆಯದೆ ಲೀಕೇಜ್ ರಿಪೇರಿ ಎಂದು ಹುಡುಕಿದೆ, ಕೇಳದೆ ಮುಟ್ಟುವುದಿಲ್ಲ ಎಂದು ಬರೆದಿದ್ದರು, ಅದಕ್ಕೇ ಕರೆದೆ. ಕೆಲಸ ಚೆನ್ನಾಗಿದೆ.

“ಆ ಮೇಸ್ತ್ರಿ ಮೊದಲೇ ಗೊತ್ತಾ ನಿಮಗೆ?” ಸರ್ ಕೇಳಿದರು.

“ಇಲ್ಲ. ಆದರೆ ಈಗ ಅವರ ಮನೆಯ ವಿಷಯವೆಲ್ಲ ಗೊತ್ತು. ಟೈಲ್ಸಿನ ಸಂದಿಗೆ ಗ್ರೌಟ್ ತುಂಬುವಷ್ಟೂ ಹೊತ್ತು ಅದನ್ನೇ ಹೇಳಿದರು. ಅವರ ಅಣ್ಣನ ಮಗಳು ಡಿಗ್ರಿ ಓದಿದ್ದಾಳಂತೆ. ನಾನು ಕೇಳಿರಲಿಲ್ಲ.”

ತರಗತಿ ಗೊಳ್ಳೆಂದು ನಕ್ಕಿತು. ನಾನು ತಲೆ ತಗ್ಗಿಸಿದೆ. ನಾಚಿಕೆಗಲ್ಲ.

ಸರ್ಟಿಫಿಕೇಟ್ ಕೊಡುವ ದಿನ ಮನೆಯವರನ್ನು ಕರೆತರಬಹುದು ಎಂದಿದ್ದರು. ಅವ್ವ ಅರ್ಧ ದಿನದ ಕೆಲಸ ಬಿಟ್ಟು ಬಂದಳು. ಅಮೀರ್‌ಪೇಟೆಯ ಆ ಮೂರನೇ ಮಹಡಿಯ ಕೋಣೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ಸಮೋಸಾದ ಪ್ಲೇಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸರ್ ನನ್ನ ಪೂರ್ತಿ ಹೆಸರು ಕೂಗಿದರು. ಎಷ್ಟೋ ದಿನದ ಮೇಲೆ ಅದನ್ನು ಕೇಳಿದ್ದು, ಎದ್ದು ನಿಲ್ಲಲು ಒಂದು ಕ್ಷಣ ತಡವಾಯಿತು. ಕೊಡುವಾಗ ಅವರು, ಸೋಮವಾರ ಮಣಿಕೊಂಡದ ಆಫೀಸಿಗೆ ಹೋಗಬೇಕು ಎಂದು ಅವ್ವನಿಗೂ ಕೇಳುವಂತೆ ಹೇಳಿದರು. ನಾನು ಸರ್ಟಿಫಿಕೇಟನ್ನು ತಂದು ಅವಳ ಕೈಗೆ ಕೊಟ್ಟೆ. ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಂಚಿಗಷ್ಟೇ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಓದಿದವಳಂತೆ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. ಹೊಗಳುತ್ತಾಳೇನೋ ಎಂದು ಕಾದೆ. ಅವಳು ಅದನ್ನು ಹುಷಾರಾಗಿ ನನಗೆ ವಾಪಸ್ ಕೊಟ್ಟು, ಉಳಿದ ಸಮೋಸಾವನ್ನು ಕಾಗದದಲ್ಲಿ ಸುತ್ತುತ್ತ ಕೇಳಿದಳು:

“ಸೋಮವಾರ ನಿನ್ನ ಎಷ್ಟಕ್ಕ ಎಬ್ಬಸ್ಲಿ?”